ಹುಲಿ ಮೊದಲೋ, ಜಾರುಬಂಡಿ ಮೊದಲೋ?

ದಸರಾ ಸೂಟಿ ಹತ್ತಿರ ಬಂದಿದೆ. ಈ ಸಲ ಆಕಳು, ಎಮ್ಮೆ, ನಾಯಿಗಳ ಪತ್ರಗಳಿಗಿಂತ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ ಎಂಬ ಪತ್ರಗಳೇ ಜಾಸ್ತಿ. ನಿವೃತ್ತ ದನದ ಡಾಕ್ಟರನಿಗೆ ಪ್ರವಾಸದ ಪ್ರಶ್ನೆ ಯಾಕ್ರೀ ಅಂತ ಸಂಪಾದಕರನ್ನು ಕೇಳಿದೆ. ‘ಎಲ್ಲದರಲ್ಲೂ ಹುಲಿ, ಸಿಂಹ ಇವೆಯಲ್ಲ ಸರ್’ ಅಂದರು. ಇರಲಿ, ನನಗೂ ಮೊಮ್ಮಕ್ಕಳಿದ್ದಾರೆ.

ಪ್ರಶ್ನೆ: ನಾವಿಬ್ಬರು, 14ರ ಮಗಳು, 8ರ ಮಗ, ಜೊತೆಗೆ ನಮ್ಮ ಅತ್ತೆ. ಮಗನಿಗೆ ಹುಲಿ ನೋಡಬೇಕು, ಮಗಳಿಗೆ ನೀರಿನ ಜಾರುಬಂಡಿ ಬೇಕು. ಎರಡೂ ಒಂದೇ ಕಡೆ ಸಿಗುತ್ತವೆ ಅಂತ ಮಂಗಳೂರಿನ ಪಿಲಿಕುಳಕ್ಕೆ ಹೊರಟಿದ್ದೇವೆ. ಅತ್ತೆಗೆ ಮೊಣಕಾಲು ನೋವು. ಎಲ್ಲವೂ ಒಂದೇ ದಿನದಲ್ಲಿ ಆದೀತೇ? – ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಆಗುತ್ತದೆ ತಂಗಿ, ಆದರೆ ಆ ದಿನ ನಿಮಗೆ ಮಂಗಳೂರಿನಲ್ಲೇ ಬೆಳಗಾಗಬೇಕು. ಹುಬ್ಬಳ್ಳಿಯಿಂದ ನಸುಕಿನಲ್ಲೇ ಕಾರು ಬಿಟ್ಟರೂ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾದಿಂದ ಕರಾವಳಿ ಹೆದ್ದಾರಿ ಹಿಡಿದು ಅಲ್ಲಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಆ ಹೊತ್ತಿಗೆ ಹುಲಿ ಮಲಗಿರುತ್ತದೆ, ಅತ್ತೆಯವರ ಮೊಣಕಾಲು ಹಿಡಿದುಕೊಂಡಿರುತ್ತದೆ. ವಿಜಯಪುರದಿಂದ ಗದಗ, ಹುಬ್ಬಳ್ಳಿ ಮೇಲೆ ಮಂಗಳೂರಿಗೆ ಹೋಗುವ ರಾತ್ರಿ ರೈಲಿದೆ. ಅತ್ತೆಯವರಿಗೆ ಕೆಳಗಿನ ಬರ್ತ್ ಹಿಡಿಯಿರಿ. ಮುಂಜಾನೆ ಸಕಲೇಶಪುರದಾಚೆಯ ಘಾಟಿಯನ್ನು ಕಿಟಕಿಯಿಂದ ನೋಡುವುದೇ ಒಂದು ಪ್ರವಾಸ. ಆ ದಿನ ಮಂಗಳೂರಲ್ಲಿ ವಸ್ತಿ ಮಾಡಿ, ಮರುದಿನ ಗೇಟು ತೆರೆಯುವ ಹೊತ್ತಿಗೆ ಪಿಲಿಕುಳದಲ್ಲಿರಿ. ವಾರದ ರಜೆ ಯಾವತ್ತು, ವಾಟರ್ ಪಾರ್ಕ್ ನಡೆಯುತ್ತಿದೆಯೇ ಎಂಬುದನ್ನು ಟಿಕೆಟ್ ತೆಗೆಸುವ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ.

ಮೊದಲು ಪ್ರಾಣಿ, ಆಮೇಲೆ ನೀರು. ಮಗಳು ಎಷ್ಟು ಗೋಗರೆದರೂ ಈ ಕ್ರಮ ತಪ್ಪಿಸಬೇಡಿ. ಹುಲಿ, ಸಿಂಹಗಳು ರಾತ್ರಿ ಹಿಂದಿನ ಕೋಣೆಗಳಲ್ಲಿರುತ್ತವೆ, ಬೆಳಿಗ್ಗೆ ಬಯಲಿಗೆ ಬಿಡುತ್ತಾರೆ. ಬಿಟ್ಟ ಕೂಡಲೇ ಹುಲಿ ತನ್ನ ಜಾಗವನ್ನು ಒಂದು ಸುತ್ತು ಹಾಕುತ್ತದೆ. ಗಿಡದ ಬುಡ ಮೂಸುತ್ತದೆ, ಹಿಂದೆ ತಿರುಗಿ ಬಾಲವೆತ್ತಿ ಮೂತ್ರ ಸಿಡಿಸುತ್ತದೆ, ಮತ್ತೆ ಮೂಸಿ, ಮೂಗು ಸುಕ್ಕಾಗಿಸಿ, ಬಾಯಿ ಅರೆತೆರೆದು ಹಾಗೇ ನಿಂತುಬಿಡುತ್ತದೆ. ಹೋರಿ ಆಕಳ ಮೂತ್ರ ಮೂಸಿ ಮೇಲ್ದುಟಿ ಎತ್ತುತ್ತದಲ್ಲ, ಥೇಟ್ ಹಾಗೆಯೇ. ವಾಸನೆಯನ್ನು ಅಂಗುಳಿನ ಮೇಲಿರುವ ಒಂದು ವಿಶೇಷ ಅಂಗಕ್ಕೆ ಮುಟ್ಟಿಸುವ ರೀತಿ ಅದು. ಮಗನಿಗೆ ಇದನ್ನು ಮೊದಲೇ ಹೇಳಿಟ್ಟರೆ ಅವನು ಬರೀ ಪಟ್ಟೆ ನೋಡಿ ಮುಂದೆ ಓಡುವುದಿಲ್ಲ. ಕಾಳಿಂಗ ಸರ್ಪಗಳನ್ನೂ ಬಿಡಬೇಡಿ, ಅವುಗಳ ಸಂತಾನಾಭಿವೃದ್ಧಿಗೆ ಪಿಲಿಕುಳ ಹೆಸರಾದದ್ದು.

ಅಲ್ಲಿಯ ಒಂದೊಂದು ಭಾಗವೂ ಒಂದೊಂದು ಮೂಲೆಯಲ್ಲಿದೆ. ಅತ್ತೆಯವರನ್ನು ಮೃಗಾಲಯ ಪೂರ್ತಿ ಸುತ್ತಿಸುವ ಹಟ ಬೇಡ. ತಾರಾಲಯದಲ್ಲಿ ತಂಪಾಗಿ ಕೂತು ನೋಡಬಹುದು, ಕುಶಲಕರ್ಮಿಗಳ ಹಳ್ಳಿ ಇದೆ, ಕೆರೆಯ ದಂಡೆ ಇದೆ. ನಿಮ್ಮಲ್ಲೊಬ್ಬರು ಅವರ ಜೊತೆ ಉಳಿಯಿರಿ. ಕುಟುಂಬ ಅಂದರೆ ಐದೂ ಜನ ದಿನವಿಡೀ ಒಂದೇ ಕಡೆ ನಿಂತಿರಬೇಕು ಅಂತೇನಿಲ್ಲ.

ಜಾರುಬಂಡಿಗೆ ಮುಂಚೆ ಹೊಟ್ಟೆ ಬಿರಿಯೆ ಉಣ್ಣಬೇಡಿ. ಬುತ್ತಿಯ ಚಪಾತಿ, ಶೇಂಗಾ ಚಟ್ನಿ ಸ್ವಲ್ಪ ತಿಂದು, ಒಂದು ತಾಸು ಬಿಟ್ಟು ನೀರಿಗಿಳಿಯಿರಿ. ನೈಲಾನ್ ಬಟ್ಟೆ ಇಲ್ಲಿಂದಲೇ ಒಯ್ಯಿರಿ. ವಾಟರ್ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಹತ್ತಿ ಬಟ್ಟೆ, ಸೀರೆ ಉಟ್ಟವರನ್ನು ಕೊಳಕ್ಕೆ ಬಿಡುವುದಿಲ್ಲ. ಎತ್ತರದ ಅಳತೆಗೋಲಿನ ಮುಂದೆ ಮಗನನ್ನು ತುದಿಗಾಲಿನ ಮೇಲೆ ನಿಲ್ಲಿಸಿ, ಅಲ್ಲಿಯ ಹುಡುಗನ ಜೊತೆ ಜಗಳಕ್ಕಿಳಿಯುವ ಅಪ್ಪಂದಿರನ್ನು ಕಂಡಿದ್ದೇನೆ. ಆಟದ ಕುರ್ಚಿಯ ಅಡ್ಡಪಟ್ಟಿ ದೊಡ್ಡ ಮೈಯ ಅಳತೆಗೆ ಮಾಡಿದ್ದು, ಸಣ್ಣ ಮೈ ಅದರಡಿ ನುಸುಳುತ್ತದೆ. ನಿಮ್ಮ ಯಜಮಾನರಿಗೆ ಈ ಸಾಲು ಓದಿ ಹೇಳಿ.

ಪ್ರಶ್ನೆ: ಗದಗ ಹತ್ತಿರದ ಬಿಂಕದಕಟ್ಟಿ ಮೃಗಾಲಯಕ್ಕೆ ಹೋಗಿದ್ದೆವು. ಸಿಂಹ ಬಿದ್ದುಕೊಂಡೇ ಇತ್ತು. ಎಲ್ಲರೂ ಕೂಗಿದರೂ ಕಣ್ಣು ಬಿಡಲಿಲ್ಲ. ಅದಕ್ಕೆ ಆರಾಮಿಲ್ಲವೇನು? – ಬೆಟಗೇರಿ

ಉತ್ತರ: ಆರಾಮಿದೆ, ಅದಕ್ಕೇ ಮಲಗಿತ್ತು. ಸಿಂಹ ದಿನಕ್ಕೆ 16ರಿಂದ 20 ತಾಸು ಮಲಗುವ ಪ್ರಾಣಿ, ಕಾಡಿನಲ್ಲೂ ಅಷ್ಟೇ. ನಾನಾದರೆ ನೋಡುವುದು ಬೇರೆ: ಉಸಿರು ಒಂದೇ ಸಮ ಇದೆಯೇ, ನೊಣ ಕೂತಾಗ ಕಿವಿ ಒದರುತ್ತದೆಯೇ, ಕೂದಲು ಮಿರುಗುತ್ತದೆಯೇ, ಬೆನ್ನೆಲುಬು ಎದ್ದು ಕಾಣುತ್ತದೆಯೇ. ಇವು ಸರಿ ಇದ್ದರೆ ಮಲಗಿದ ಸಿಂಹದ ಬಗ್ಗೆ ಚಿಂತೆ ಬೇಡ.

ಚಿಂತೆ ಮಾಡಬೇಕಾದ್ದು ಜನ ‘ಆಹಾ, ಎಷ್ಟು ಚುರುಕು’ ಅನ್ನುವ ಪ್ರಾಣಿಯ ಬಗ್ಗೆ. ಬೇಲಿಯ ಗುಂಟ ಆ ತುದಿಯಿಂದ ಈ ತುದಿಗೆ, ತಿರುಗುವಾಗಲೂ ಅದೇ ಕಾಲಿಟ್ಟು ಅದೇ ಜಾಗದಲ್ಲಿ ತಿರುಗುತ್ತ, ನೆಲದಲ್ಲಿ ದಾರಿ ಸವೆಯುವಷ್ಟು ಓಡಾಡುವ ತೋಳವನ್ನೋ ಚಿರತೆಯನ್ನೋ ಕಂಡರೆ, ಅದಕ್ಕೆ ಬೇಸರವೋ ಒತ್ತಡವೋ ಆಗಿದೆ ಅಂತ ತಿಳಿಯಿರಿ. ಸಂಜೆ ಊಟದ ಹೊತ್ತಿಗೆ ಮಾತ್ರ ಈ ಓಡಾಟ ಸಹಜ, ಮಾಂಸ ಬರುವ ಬಾಗಿಲು ಅವಕ್ಕೆ ಗೊತ್ತು. ನೀವು ಹೋಗಬೇಕಾದ್ದೂ ಆಗಲೇ. ಮಧ್ಯಾಹ್ನ ಹೋಗಿ ಕೂಗುವ ಬದಲು ಸಂಜೆ ಮುಚ್ಚುವ ಮುಂಚಿನ ಒಂದು ತಾಸು ನಿಂತು ನೋಡಿ.

ಇನ್ನು ಕೂಗಿದ ವಿಷಯ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗದ್ದಲ ಮಾಡಿ ತೊಂದರೆ ಕೊಡುವುದು, ತಿನ್ನಲು ಹಾಕುವುದು, ಕಸ ಚೆಲ್ಲುವುದು – ಇವಿಷ್ಟೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನಡಿ ಅಪರಾಧ. ‘ಎಲ್ಲರೂ’ ಅಂತ ಬರೆದಿದ್ದೀರಿ, ಅದರಲ್ಲಿ ನೀವೂ ಬಂದಿರಿ.

ಪ್ರಶ್ನೆ: ಜಿಂಕೆಗೆ ಒಂದು ಹಿಡಿ ಚುರುಮುರಿ ಹಾಕಿದರೆ ಏನಾಗುತ್ತದೆ? ನಾವೇ ತಿನ್ನುವ ವಸ್ತು ಅಲ್ಲವೇ? – ಹಾವೇರಿ

ಉತ್ತರ: ಚುರುಮುರಿಯ ಹಿಂದೆ ಅದರ ಪೊಟ್ಟಣವೂ ಹೋಗುತ್ತದೆ. ಜಿಂಕೆಯೂ ಮೆಲುಕು ಹಾಕುವ ಪ್ರಾಣಿ. ಆಕಳ ಹೊಟ್ಟೆ ಕೊಯ್ದು ಕೈ ಹಾಕಿದಾಗ ಸಿಗುವುದನ್ನು ನೀವು ನೋಡಿಲ್ಲ. ಹಾಲಿನ ಪಾಕೀಟು, ಗುಟಕಾ ಚೀಟಿ, ಹಗ್ಗ ಎಲ್ಲ ಹೊಸೆದುಕೊಂಡು ಬಿಗಿಯಾದ ಉಂಡೆಯಾಗಿರುತ್ತದೆ. ಎಳೆದರೆ ಬಿಚ್ಚಿಕೊಳ್ಳುವುದಿಲ್ಲ, ತೊಳೆದರೆ ಅದರ ಮೇಲಿನ ಅಕ್ಷರ ಇನ್ನೂ ಓದಬಹುದು. ಆಕಳನ್ನಾದರೆ ಕಟ್ಟಿಹಾಕಿ ಕೊಯ್ಯಬಹುದು. ಜಿಂಕೆ ಹಿಡಿಯುವ ಗಾಬರಿಗೇ ಅರ್ಧ ಜೀವ ಬಿಡುತ್ತದೆ.

ಪ್ರಶ್ನೆ: ಪ್ರಾಣಿಗಳ ಪಕ್ಕದಲ್ಲೇ ಜಾಯಿಂಟ್ ವೀಲು, ಹಾಡು, ಕಿರುಚಾಟ ಇಡುವುದು ಹಿಂಸೆಯಲ್ಲವೇ? ಇಂಥ ಜಾಗಕ್ಕೆ ಹೋಗುವುದೇ ತಪ್ಪು ಅನ್ನಿಸುತ್ತದೆ. – ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಕ್ಕದಲ್ಲೇ ಇಟ್ಟರೆ ಹಿಂಸೆಯೇ. ಕೃಷ್ಣಮೃಗ ಬೆದರಿದರೆ ಬೇಲಿಗೆ ಹೋಗಿ ಬಡಿದುಕೊಳ್ಳುತ್ತದೆ. ಬಡಿಯದಿದ್ದರೂ ಜೀವದ ಭಯದಲ್ಲಿ ಓಡಿ ಓಡಿ ಅದರ ಸ್ನಾಯುಗಳೇ ಒಡೆಯುತ್ತವೆ, ಅದರ ಕಲ್ಮಶ ಮೂತ್ರಪಿಂಡಕ್ಕೆ ಇಳಿಯುತ್ತದೆ, ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮೈಮೇಲೆ ಒಂದು ಗಾಯವೂ ಇಲ್ಲದೆ ಎರಡು-ಮೂರು ದಿನ ಬಿಟ್ಟು ಸತ್ತ ಪ್ರಾಣಿಗೆ ಜನ ವಿಷಪ್ರಾಶನ ಅಂತ ಹೆಸರಿಡುತ್ತಾರೆ.

ಆದರೆ ‘ಹೋಗುವುದೇ ತಪ್ಪು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೊರಗಿನ ಗೇಟು ಒಂದೇ ಇದ್ದು ಒಳಗಿನ ಬೇಲಿ, ಟಿಕೆಟ್ಟು, ದಾರಿ ಬೇರೆ ಬೇರೆ ಇದ್ದರೆ, ಧ್ವನಿವರ್ಧಕ ಪ್ರಾಣಿಗಳಿಗೆ ಕೇಳದಷ್ಟು ದೂರವಿದ್ದರೆ, ನನ್ನ ತಕರಾರಿಲ್ಲ. ಪಿಲಿಕುಳದಲ್ಲಿ ವಾಟರ್ ಪಾರ್ಕಿನದು ಬೇರೆ ಭಾಗ. ನಮ್ಮ ದೇಶದಲ್ಲಿ 1992ರಿಂದ ಕೇಂದ್ರ ಮೃಗಾಲಯ ಪ್ರಾಧಿಕಾರವಿದೆ, ಅದರ ಮಾನ್ಯತೆಯಿಲ್ಲದೆ ಮೃಗಾಲಯ ನಡೆಸುವ ಹಾಗಿಲ್ಲ. ಹೋದ ಕಡೆ ಮೈಕು ಜಿಂಕೆಯ ಬೇಲಿಗೆ ಮುಖ ಮಾಡಿದ್ದು ಕಂಡರೆ ದೂರು ಪುಸ್ತಕ ಕೇಳಿ ಬರೆಯಿರಿ. ಮನೆಯಲ್ಲಿ ಕೂತವರು ಅದನ್ನು ಬರೆಯಲಾರರು.

ಪ್ರಶ್ನೆ: ಅಷ್ಟು ದೂರ ಹೋಗಲು ರೊಕ್ಕವಿಲ್ಲ. ಮುಂಜಾನೆ ಹೋಗಿ ಸಂಜೆ ಮನೆ ಸೇರುವಂಥದ್ದು ಹೇಳಿ. – ಹಳೇ ಹುಬ್ಬಳ್ಳಿ

ಉತ್ತರ: ಬಂಕಾಪುರದ ಕೋಟೆ. ಒಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ, ಅದರೊಳಗೇ ನವಿಲುಧಾಮ. ನನ್ನಂಥವನಿಗೆ ನವಿಲಿಗಿಂತ ಆ ಹೋರಿಗಳ ಕೋಡೇ ಚೆಂದ, ನೀವು ನವಿಲನ್ನೇ ನೋಡಿ. ಆದರೆ ಈಗ ಗಂಡುಗಳು ಉದ್ದನೆ ಗರಿ ಉದುರಿಸಿರುತ್ತವೆ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕುಣಿಯಲಿಲ್ಲ ಅಂತ ಅಳುತ್ತವೆ. ಬಿಸಿಲೇರುವ ಮುಂಚೆ ಅದನ್ನು ಮುಗಿಸಿ, ಅದೇ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್‌ಗೆ ಬನ್ನಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು ಅದು. ಹಳ್ಳಿಯ ಮನೆ, ಜನ, ದನಕರು ಎಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ನವೆಂಬರ್ ಕಳೆದ ಮೇಲೆ ಹೊರಡುವುದಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕೆರೆ ಅದು, 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗುನೆಲಗಳ ಪಟ್ಟಿಗೂ, ಸೇರಿದೆ.

ಪ್ರಶ್ನೆ: ನಮ್ಮ ಯಜಮಾನರು ಜಾಯಿಂಟ್ ವೀಲು ಅಂದರೆ ಹೆದರಿ ನಡುಗುತ್ತಾರೆ. ಮಕ್ಕಳ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಪ್ರವಾಸವೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ? – ಹೆಸರು ಬೇಡ, ಗದಗ

ಉತ್ತರ: ಐದು ಜನರ ಚಪ್ಪಲಿ, ಬುತ್ತಿ ಗಂಟು, ಹಸಿ ಟವೆಲ್ಲು, ಮೊಬೈಲು ಕಾಯಲು ಕೆಳಗೆ ಒಬ್ಬರು ಬೇಕೇ ಬೇಕು. ಆ ಕೆಲಸ ಅವರಿಗೆ ಈಗಲೇ ಕೊಟ್ಟುಬಿಡಿ, ಮಕ್ಕಳೆದುರಿಗೇ.