ಬೆಳಗಾವಿಯ ಐಟಿ ಆಫೀಸಿನಲ್ಲಿ ಸಂಜೆ ಹಸಿವಿಗೆ ಏನು ತಿನ್ನುತ್ತೀರಿ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ದೊಡ್ಡ ಕ್ಯಾಂಪಸ್ ಬಿಟ್ಟು ಬೆಳಗಾವಿಯ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಬರುತ್ತಿದ್ದೀರಿ, ಇಲ್ಲಿ ಪ್ಯಾಂಟ್ರಿ ಇಲ್ಲವಂತೆ, ಹಾಗಾದರೆ ಆಫೀಸಿನವರು ದಿನವಿಡೀ ಏನು ತಿನ್ನುತ್ತಾರೆ, ಆ್ಯಪ್‌ನಲ್ಲಿ ತರಿಸಿಕೊಳ್ಳಬಹುದಾ, ತೂಕ ಏರದ ಹಾಗೆ ಏನು ಮಾಡಬೇಕು. ನಾನು ತಿಲಕವಾಡಿಯಲ್ಲಿ ಅಂಥದ್ದೇ ಒಂದು ಆಫೀಸಿನಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ, ಅಲ್ಲಿ ಕಂಡಿದ್ದನ್ನೇ ಹೇಳುತ್ತೇನೆ.

ಪ್ಯಾಂಟ್ರಿ ಇಲ್ಲ, ನಿಜ. ನೀರಿನ ಫಿಲ್ಟರ್, ಒಂದು ಇಂಡಕ್ಷನ್ ಒಲೆ, ನಾಲ್ಕೈದು ಸ್ಟೀಲ್ ಡಬ್ಬಿ. ಆದರೆ ತಿನ್ನಲಿಕ್ಕೆ ಬರ ಅಂತೂ ಇಲ್ಲ. ಅರ್ಧಕ್ಕರ್ಧ ಜನ ಶನಿವಾರ ಊರಿಗೆ ಹೋಗಿ ಸೋಮವಾರ ಬರುವವರು, ಬರಿಗೈಲಿ ಬಂದರೆ ಯಾರೂ ಮಾತಾಡಿಸುವುದಿಲ್ಲ. ಗೋಕಾಕದವರು ಕರದಂಟು ತರುತ್ತಾರೆ, ಬಾಗಲಕೋಟೆ ಕಡೆಯವರು ಅಮೀನಗಡದ ಕರದಂಟು ತರುತ್ತಾರೆ. ಎರಡರಲ್ಲಿ ಯಾವುದು ಮೇಲು ಅನ್ನುವ ವಾದ ಬೆಳಗಿನ ಸ್ಟ್ಯಾಂಡಪ್ ಮೀಟಿಂಗನ್ನೇ ನುಂಗಿದ್ದಿದೆ. (ನಾನು ಅಮೀನಗಡದ ಪಾರ್ಟಿ. ಗೋಕಾಕದವರು ಬೈದರೂ ಸರಿ.) ನಾಗರಪಂಚಮಿ ವಾರ ಬಂದರೆ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಜೋಳದ ಅಳ್ಳು, ಎಲ್ಲಾ ಒಂದೇ ಟೇಬಲ್ ಮೇಲೆ. ಕುಂದಾ ಮಾತ್ರ ನಾವು ನಮಗೋಸ್ಕರ ತರುವುದು ಕಡಿಮೆ. ಅದು ಬೆಂಗಳೂರಿನ ಮ್ಯಾನೇಜರ್ ಬಂದಾಗ, ಇಲ್ಲಾ ಯಾರಾದರೂ ರಾಜೀನಾಮೆ ಕೊಟ್ಟಾಗ.

ದಿನನಿತ್ಯದ ಮಾತು ಬೇರೆ. ವರ್ಷದ 12 ತಿಂಗಳೂ ಇರುವುದು ಅವಲಕ್ಕಿ ಚೂಡಾ ಮತ್ತು ಬಿಸ್ಕೀಟು. ಚೂಡಾ ಡಬ್ಬಿಯ ಗತಿ ನೋಡಿದರೆ ಆಫೀಸಿನವರ ಸ್ವಭಾವ ತಿಳಿಯುತ್ತದೆ. ಬೆಳಿಗ್ಗೆ ಬಂದವರು ಬೆರಳಾಡಿಸಿ ಶೇಂಗಾ, ಕೊಬ್ಬರಿ ತುಣುಕು ಆರಿಸಿಕೊಳ್ಳುತ್ತಾರೆ, ಮಧ್ಯಾಹ್ನದವರಿಗೆ ಪುಟಾಣಿ (ಹುರಿಗಡಲೆ) ಸಿಗುತ್ತದೆ, ಸಂಜೆಯವರಿಗೆ ತಳದಲ್ಲಿ ಕರಿಬೇವು, ಹುರಿದ ಮೆಣಸಿನಕಾಯಿ, ಅರಿಶಿಣ ಹತ್ತಿದ ಅವಲಕ್ಕಿ ಪುಡಿ. ಆ ಪುಡಿಯನ್ನೂ ಅಂಗೈಗೆ ಸುರುವಿಕೊಂಡು ಬಾಯಿಗೆ ಹಾಕಿಕೊಳ್ಳುವವರಿದ್ದಾರೆ. ಆಮೇಲೆ ಅದೇ ಕೈ ಕೀಬೋರ್ಡ್ ಮೇಲೆ.

ಈಗ ತೂಕದ ವಿಷಯ. ಎಲ್ಲರೂ ಏನು ತಿನ್ನಬೇಕು ಅಂತ ಕೇಳುತ್ತಾರೆ, ಯಾವಾಗ ಅಂತ ಕೇಳುವುದಿಲ್ಲ. ನಮ್ಮ ಕೆಲಸದಲ್ಲಿ ಹೊಟ್ಟೆಯ ಗಡಿಯಾರ ಅಮೆರಿಕದ ಕ್ಲೈಂಟ್ ಕೈಯಲ್ಲಿದೆ, ಅವರ ಬೆಳಗಿನ ಕಾಲ್ ನಮ್ಮ ಸಂಜೆಗೆ ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6:30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅದೇ ಕಾಲ್ 7:30ಕ್ಕೆ ಹೋಗುತ್ತದೆ, ಮಾರ್ಚ್ ಎರಡನೇ ಭಾನುವಾರದವರೆಗೂ ಹಾಗೇ. ನಾವು ಒಂದು ಗಂಟೆಗೆ ಊಟ ಮಾಡಿದವರು. ಕಾಲ್ ಮುಗಿಸಿ ಮನೆ ಸೇರಿ ತಟ್ಟೆ ಮುಂದೆ ಕೂರುವಷ್ಟರಲ್ಲಿ ಒಂಬತ್ತೂವರೆ. ನಡುವಿನ ಎಂಟು ತಾಸನ್ನು ಬಿಸ್ಕೀಟು ಚಾದಲ್ಲಿ ತಳ್ಳುತ್ತೇವೆ, ರಾತ್ರಿ ಹಸಿದ ಹೊಟ್ಟೆಗೆ ರೊಟ್ಟಿ ಲೆಕ್ಕ ತಪ್ಪುತ್ತದೆ. ನವೆಂಬರ್ ಬಂದರೆ ನಮ್ಮ ಆಫೀಸಿನಲ್ಲಿ ಬಿಸ್ಕೀಟು ಬೇಗ ಖಾಲಿಯಾಗುವುದು ಬೆಳಗಾವಿ ಚಳಿಗಲ್ಲ, ಆ ಒಂದು ತಾಸಿಗೆ.

ಅದಕ್ಕೆ ನನ್ನ ಸಲಹೆ ಒಂದೇ: ಐದೂವರೆ, ಆರರೊಳಗೆ ಊಟದ ತೂಕದ ತಿಂಡಿಯೊಂದನ್ನು ಕೂತು ತಿನ್ನಿ, ಉಳಿದ ಹೊತ್ತಿನ ಬಾಯಾಡಿಸುವುದು ಅರ್ಧ ತಾನೇ ನಿಲ್ಲುತ್ತದೆ. ಬೆಳಿಗ್ಗೆಯ ಎರಡು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಬಂದರೂ ಆಯ್ತು. ಆದರೆ ನಮ್ಮಲ್ಲಿ ಗೆದ್ದಿದ್ದು ಸುಸಲಾ. ಬಾಗಲಕೋಟೆಯ ಅಕ್ಕ ಒಬ್ಬರು ನಮ್ಮ ಟೀಮಿನಲ್ಲಿದ್ದಾರೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ, ಅರಿಶಿಣ ಹಾಕಿದ ಒಗ್ಗರಣೆಯನ್ನಷ್ಟೇ ಮನೆಯಿಂದ ಡಬ್ಬಿಯಲ್ಲಿ ತರುತ್ತಾರೆ. ಸಂಜೆ ಚುರಮುರಿಯನ್ನು (ನಿಮ್ಮ ಕಡೆಯ ಮಂಡಕ್ಕಿ) ನೀರಲ್ಲಿ ಅದ್ದಿ, ತಕ್ಷಣ ಎರಡೂ ಕೈಲಿ ಹಿಂಡಿ, ಒಗ್ಗರಣೆಗೆ ಹಾಕಿ ಇಂಡಕ್ಷನ್ ಮೇಲೆ ಒಮ್ಮೆ ಬಿಸಿ ಮಾಡಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಹತ್ತು ನಿಮಿಷದ ಕೆಲಸ. ಚುರಮುರಿ ಬರೀ ಅಕ್ಕಿ, ಒಂದೇ ತಿಂದರೆ ತಾಸಿನೊಳಗೆ ಮತ್ತೆ ಹಸಿವು. ಹೊಟ್ಟೆ ಹಿಡಿದು ನಿಲ್ಲಿಸುವುದು ಪುಟಾಣಿ, ಶೇಂಗಾ: ನೂರು ಗ್ರಾಂ ಪುಟಾಣಿಯಲ್ಲಿ ಸುಮಾರು 20 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಹಾಗಂತ ಶೇಂಗಾ ಬೊಗಸೆಗಟ್ಟಲೆ ಬೇಡ, ನೂರು ಗ್ರಾಂಗೆ 560ರ ಮೇಲೆ ಕ್ಯಾಲೊರಿ. ಒಂದು ಮುಷ್ಟಿ ಸಾಕು.

ಸುಸಲಾಕ್ಕೆ ಇನ್ನೊಂದು ಗುಣ ಇದೆ, ಅದು ಸದ್ದು ಮಾಡುವುದಿಲ್ಲ. ಒಮ್ಮೆ ಯಾರೋ ಮ್ಯೂಟ್ ಹಾಕದೆ ಚೂಡಾ ಅಗಿದು, ಆ ಕಡೆಯವರು ನೆಟ್‌ವರ್ಕ್ ಸರಿ ಇಲ್ಲವೇ ಅಂತ ಕೇಳಿದರು. ಆವತ್ತಿನಿಂದ ಅಕ್ಕನ ಕಾನೂನು: "ಕ್ಲೈಂಟ್ ಮುಂದ ಕುರುಂ ಕುರುಂ ಅನ್ನಬ್ಯಾಡ್ರಿ, ಮೊದಲ ಇದನ್ನ ತಿಂದ ಕೂಡ್ರಿ."

ಚುರಮುರಿಗೆ ಉಳ್ಳಾಗಡ್ಡಿ ಮಸಾಲೆ ಕಲಸಿದ ಗಿರಮಿಟ್ ಪಾರ್ಸೆಲ್ ತರಬೇಡಿ, ಆಫೀಸಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಗಾಡಿ ಮುಂದೆಯೇ ನಿಂತು ತಿನ್ನಿ. ಮಿರ್ಚಿ ಭಜಿಯನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಜುಲೈ ಮಳೆಯಲ್ಲಿ ಹಾಗೆ ಹೇಳಿದರೆ ನನ್ನನ್ನೇ ಆಫೀಸಿನಿಂದ ಹೊರಗೆ ಹಾಕುತ್ತಾರೆ. ಅದು ವಾರಕ್ಕೊಮ್ಮೆ ಇರಲಿ.

ನನ್ನ ಕಣ್ಣಿಗೆ ಭಜಿಗಿಂತ ದೊಡ್ಡ ಕಳ್ಳ ಚಾ. ನಮ್ಮದು ಸಕ್ಕರೆ ಕಾರ್ಖಾನೆಗಳ ಜಿಲ್ಲೆ, ಚಾ ಅಂಗಡಿಯಲ್ಲಿ "ಸಕ್ಕರಿ ಕಮ್ಮಿ ಹಾಕ್ರಿ" ಅಂದರೆ "ಶುಗರ್ ಏನ್ರೀ ಸರ?" ಅಂತ ಕನಿಕರದಿಂದ ನೋಡುತ್ತಾರೆ. ಕಪ್ಪಿಗೆ ಎರಡು ಚಮಚ ಅಂದರೆ 8ರಿಂದ 10 ಗ್ರಾಂ, ದಿನಕ್ಕೆ ನಾಲ್ಕು ಕಪ್ಪಾದರೆ 40 ಗ್ರಾಂ ಹತ್ತಿರ. ಮೇಲಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೊತೆಗೆ ಅದ್ದಿ ತಿನ್ನುವ ಗ್ಲೂಕೋಸ್ ಬಿಸ್ಕೀಟಿನಲ್ಲೂ ಕಾಲು ಭಾಗದಷ್ಟು ಸಕ್ಕರೆಯೇ. ಪೊಟ್ಟಣದ ಹಿಂಬದಿ ಒಮ್ಮೆ ಓದಿ ನೋಡಿ. ಅರ್ಧ ಚಾ ಕೇಳಿ ಕುಡಿಯಿರಿ, ಇಲ್ಲಿ ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಆ್ಯಪ್ ಕೇಳಿದಿರಿ. ಸ್ವಿಗ್ಗಿ, ಝೊಮ್ಯಾಟೊ ಎರಡೂ ಇವೆ. ಆದರೆ ಸಂಜೆ ಆರಕ್ಕೆ ಹಸಿವಾದಾಗ ಆರ್ಡರ್ ಮಾಡಿದರೆ ಅದು ಬರುವುದು ನೀವು ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡುತ್ತಿರುವಾಗ. ಬರುವಾಗ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತನ್ನಿ, ಗಾಳಿ ಆಡದ ಮುಚ್ಚಳ ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಚುರಮುರಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ.