ಸಲಿಂಗಿಗಳ ಹಕ್ಕು ದೆಹಲಿಯ ವಿಷಯವಷ್ಟೇ ಅಲ್ಲ. ವಿಧಾನಸೌಧದ್ದೂ ಹೌದು, ನಮ್ಮ ಮನೆಗಳದ್ದೂ ಹೌದು

ಕರ್ನಾಟಕದ ರಾಜಕೀಯ ಪಕ್ಷಗಳು ಸಲಿಂಗಿಗಳ ಹಕ್ಕಿನ ಬಗ್ಗೆ ಏಕೆ ಮಾತನಾಡುವುದಿಲ್ಲ, ಇದರಲ್ಲಿ ಸರ್ಕಾರದ ಪಾಲೆಷ್ಟು, ವ್ಯಕ್ತಿಯ ಹೊಣೆಯೆಷ್ಟು, ಈ ಒಂದು ಕಾರಣಕ್ಕೆ ನೀವು ಮತ ಬದಲಿಸುತ್ತೀರಾ ಎಂದು ಕೇಳಿದ್ದೀರಿ. ನಾನು ದಾವಣಗೆರೆ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ನನ್ನ ಒಡಹುಟ್ಟಿದ ತಮ್ಮ ಸಲಿಂಗಿ. ಬೆಂಗಳೂರಿನಲ್ಲಿ ತನ್ನ ಸಂಗಾತಿಯೊಂದಿಗೆ ಬಾಳುತ್ತಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಅಭಿಪ್ರಾಯಗಳು ನನ್ನವು.

ಮೊದಲು ಪಕ್ಷಗಳ ಮೌನದ ಮಾತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಸಲಿಂಗ ವಿವಾಹದ ವಿಚಾರಣೆ ನಡೆಯುತ್ತಿದ್ದಾಗ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಅಭಿಪ್ರಾಯ ಕೇಳಿತ್ತು. ಮೇ 10ರಂದು ಕೇಂದ್ರವು ಪೀಠಕ್ಕೆ ತಿಳಿಸಿದಂತೆ ಉತ್ತರಿಸಿದ್ದು ಏಳೇ ರಾಜ್ಯಗಳು. ರಾಜಸ್ಥಾನ, ಆಂಧ್ರಪ್ರದೇಶ ಮತ್ತು ಅಸ್ಸಾಂ ವಿರೋಧಿಸಿದವು. ಮಹಾರಾಷ್ಟ್ರ, ಉತ್ತರ ಪ್ರದೇಶ, ಮಣಿಪುರ ಮತ್ತು ಸಿಕ್ಕಿಂ ಇನ್ನಷ್ಟು ಕಾಲಾವಕಾಶ ಕೇಳಿದವು. ಕರ್ನಾಟಕ ಆ ಏಳರಲ್ಲಿ ಇರಲಿಲ್ಲ. ಅದೇ ಮೇ 10ರಂದು ನಾವೆಲ್ಲ ವಿಧಾನಸಭೆಗೆ ಮತ ಹಾಕಲು ಸಾಲಿನಲ್ಲಿ ನಿಂತಿದ್ದೆವು. ಚುನಾವಣೆಯ ಗದ್ದಲದಲ್ಲಿ ಉತ್ತರ ಬರೆಯಲಾಗಲಿಲ್ಲ ಎಂದು ಯಾರಾದರೂ ಸಮರ್ಥಿಸಬಹುದು. ಆದರೆ ಆ ಚುನಾವಣೆಯ ಪ್ರಚಾರದಲ್ಲಿ, ನಮ್ಮ ಕ್ಷೇತ್ರದ ಮಟ್ಟಿಗಂತೂ, ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ದಿನವೂ ನಡೆಯುತ್ತಿದ್ದ ಆ ವಾದವನ್ನು ಯಾವ ಅಭ್ಯರ್ಥಿಯೂ ತಾನಾಗಿ ಎತ್ತಲಿಲ್ಲ, ನಾನು ಕಂಡಂತೆ ನನ್ನನ್ನು ಬಿಟ್ಟರೆ ಯಾವ ಮತದಾರನೂ ಎತ್ತಲಿಲ್ಲ. ವಿರೋಧಿಸಿದ ಮೂರು ರಾಜ್ಯಗಳನ್ನು ಆಗ ಆಳುತ್ತಿದ್ದವರು ಕ್ರಮವಾಗಿ ಕಾಂಗ್ರೆಸ್, ವೈಎಸ್‌ಆರ್ ಕಾಂಗ್ರೆಸ್ ಮತ್ತು ಬಿಜೆಪಿ ಎಂಬುದನ್ನು ಗಮನಿಸಿದರೆ, ಈ ವಿಷಯದಲ್ಲಿ ಒಂದು ಪಕ್ಷವನ್ನು ಮಿತ್ರನೆಂದೂ ಇನ್ನೊಂದನ್ನು ಶತ್ರುವೆಂದೂ ಕರೆಯಲು ನನ್ನಿಂದಾಗದು.

ಇದು ಕೇಂದ್ರದ ವಿಷಯ, ರಾಜ್ಯದ ಕೈಯಲ್ಲಿ ಏನೂ ಇಲ್ಲ ಎಂಬ ಉತ್ತರವನ್ನು ನಾಯಕರಿಂದಲೂ ಓದಿದವರಿಂದಲೂ ಕೇಳಿದ್ದೇನೆ. ಸಂವಿಧಾನವನ್ನು ತರಗತಿಯಲ್ಲಿ ಕಲಿಸುವವನಾಗಿ ಇದನ್ನು ನಾನು ಒಪ್ಪಲಾರೆ. ಮದುವೆ, ವಿಚ್ಛೇದನ, ದತ್ತು, ಉಯಿಲು ಇವೆಲ್ಲ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ಅಂದರೆ ಸಂಸತ್ತಿನಂತೆಯೇ ವಿಧಾನಸಭೆಯೂ ಈ ಬಗ್ಗೆ ಶಾಸನ ಮಾಡಬಹುದು, ಕೇಂದ್ರದ ಕಾನೂನಿಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕಾಗುತ್ತದೆ. ಉತ್ತರಾಖಂಡವು 2024ರಲ್ಲಿ ಏಕರೂಪ ನಾಗರಿಕ ಸಂಹಿತೆಯನ್ನು ಅಂಗೀಕರಿಸಿ ಮದುವೆಯ ಕಾನೂನನ್ನೇ ರಾಜ್ಯದ ಮಟ್ಟದಲ್ಲಿ ತಿದ್ದಿ ಬರೆಯಿತು. ಮದುವೆಯಾಗದೆ ಜೊತೆಗೆ ಬಾಳುವವರ ನೋಂದಣಿಗೂ ಅದರಲ್ಲಿ ಅಧ್ಯಾಯವಿದೆ, ಆದರೆ ಅದು ಗಂಡು ಹೆಣ್ಣಿನ ಜೋಡಿಗೆ ಮಾತ್ರ. ಆ ಕಾನೂನಿನ ಹಲವು ಅಂಶಗಳಿಗೆ ನನ್ನ ವಿರೋಧವಿದೆ. ಆದರೂ ರಾಜ್ಯವೊಂದು ಮನಸ್ಸು ಮಾಡಿದರೆ ಕುಟುಂಬದ ಕಾನೂನಿಗೆ ಕೈ ಹಾಕಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಇನ್ನು ಮದುವೆಯ ಪ್ರಶ್ನೆಯನ್ನು ಬದಿಗಿಟ್ಟು ನೋಡಿ. ಪೊಲೀಸ್, ಸಾರ್ವಜನಿಕ ಆರೋಗ್ಯ, ಸ್ಥಳೀಯ ಸಂಸ್ಥೆಗಳು ರಾಜ್ಯ ಪಟ್ಟಿಯಲ್ಲಿವೆ. ಶಾಲಾ ಪಠ್ಯಪುಸ್ತಕ ರಾಜ್ಯದ್ದು, ಪಡಿತರ ಚೀಟಿ ಕೊಡುವುದು ರಾಜ್ಯ. ಸಲಿಂಗಿಯೊಬ್ಬನ ದಿನನಿತ್ಯದ ಬದುಕು ಸರ್ಕಾರವನ್ನು ಎದುರುಗೊಳ್ಳುವುದು ಇಲ್ಲಿಯೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಬಿಡಿಸಿತು. ಆದರೆ ಮೊಬೈಲಿನ ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವನು ಮನೆಗೆ ಕರೆದು, ಹೊಡೆದು, ಹಣ ಕಿತ್ತು, ಮನೆಯವರಿಗೆ ತಿಳಿಸುತ್ತೇನೆಂದು ಬೆದರಿಸಿದಾಗ ಆ ಯುವಕ ಠಾಣೆಯ ಮೆಟ್ಟಿಲು ಹತ್ತಬಲ್ಲನೇ ಎಂಬುದನ್ನು ನಿರ್ಧರಿಸುವವರು ಠಾಣೆಯಲ್ಲಿ ಕುಳಿತ ಪಿಎಸ್ಐ, ಅವರಿಗೆ ತರಬೇತಿ ಕೊಟ್ಟ ಗೃಹ ಇಲಾಖೆ. ಸುಲಿಗೆ ಈ ಹಿಂದೆಯೂ ಅಪರಾಧವಾಗಿತ್ತು, ಈಗಲೂ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಅಪರಾಧವೇ. ಕಾನೂನು ಇದೆ; ಧೈರ್ಯ ಹುಟ್ಟುವ ವಾತಾವರಣ ಇಲ್ಲ.

ಹಾಗೆಂದು ಕರ್ನಾಟಕ ಏನನ್ನೂ ಮಾಡಿಲ್ಲ ಎಂದರೆ ಅದು ಅನ್ಯಾಯದ ಮಾತು. ಲಿಂಗತ್ವ ಅಲ್ಪಸಂಖ್ಯಾತರ, ಅಂದರೆ ಟ್ರಾನ್ಸ್‌ಜೆಂಡರ್ ಸಮುದಾಯದವರ ವಿಷಯದಲ್ಲಿ ನಮ್ಮ ರಾಜ್ಯ ಹಲವು ರಾಜ್ಯಗಳಿಗಿಂತ ಮುಂದಿದೆ. ಮೈತ್ರಿ ಯೋಜನೆಯ ಮಾಸಾಶನವಿದೆ, 2017ರ ರಾಜ್ಯ ನೀತಿಯಿದೆ, 2021ರಲ್ಲಿ ನಾಗರಿಕ ಸೇವಾ ನೇಮಕಾತಿಯ ನಿಯಮಗಳನ್ನು ತಿದ್ದಿ ಎಲ್ಲ ಪ್ರವರ್ಗಗಳೊಳಗೂ ಶೇ. 1ರಷ್ಟು ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಜೋಗತಿ ಪರಂಪರೆಯ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಇವುಗಳ ಹಿಂದೆ ದಶಕಗಳ ಬೀದಿ ಹೋರಾಟ, ನ್ಯಾಯಾಲಯದ ಹೋರಾಟ ಇದೆ ಎಂಬುದನ್ನೂ ಮರೆಯಬಾರದು. ಇದೇ ರಾಜ್ಯ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮನ್ನು ಸೇರಿಸಿ, ಇವರ ಹೆಸರು ವಿಳಾಸಗಳ ಪಟ್ಟಿ ಇಟ್ಟು ನಿಗಾ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಪ್ರಶ್ನಿಸಿ ಹೈಕೋರ್ಟಿಗೆ ಹೋದ ಮೇಲೆಯೇ ಆ ಸಮುದಾಯವನ್ನು ಹೆಸರಿಸಿದ್ದ ಪದವನ್ನು ತೆಗೆದದ್ದು.

ಆದರೆ ಸಲಿಂಗಿ ಗಂಡಸರು ಮತ್ತು ಹೆಂಗಸರ ವಿಷಯ ಬಂದಾಗ ಅದೇ ಸರ್ಕಾರಗಳು ಮಾತು ನಿಲ್ಲಿಸುತ್ತವೆ. ಕಾರಣ ನನಗೆ ಹೀಗೆ ತೋರುತ್ತದೆ. ನಮ್ಮ ರಾಜ್ಯ ರಾಜಕಾರಣಕ್ಕೆ ಫಲಾನುಭವಿ ಎಂಬ ವ್ಯಕ್ತಿಯ ಜೊತೆ ವ್ಯವಹರಿಸಿ ಅಭ್ಯಾಸವಿದೆ. ಬಡತನದಲ್ಲಿರುವ, ಕಣ್ಣಿಗೆ ಕಾಣುವ, ವೇದಿಕೆಗೆ ಕರೆದು ಆದೇಶಪತ್ರ ಕೊಡಬಹುದಾದ ವ್ಯಕ್ತಿಯನ್ನು ಅದು ಗುರುತಿಸುತ್ತದೆ. ಸಲಿಂಗಿಯಾದ ಬ್ಯಾಂಕ್ ಗುಮಾಸ್ತ, ಶಾಲಾ ಶಿಕ್ಷಕಿ, ಅಡಿಕೆ ತೋಟದ ಮಾಲೀಕ ಸಹಾಯಧನವನ್ನು ಕೇಳುತ್ತಿಲ್ಲ. ತಾನು ಯಾರ ಜೊತೆ ಬಾಳುತ್ತೇನೋ ಅವರನ್ನು ತನ್ನವರೆಂದು ಸರ್ಕಾರದ ಕಾಗದ ಒಪ್ಪಲಿ ಎಂದು ಕೇಳುತ್ತಾನೆ ಅಥವಾ ಕೇಳುತ್ತಾಳೆ. ಇದಕ್ಕೆ ಬಜೆಟ್ಟಿನಲ್ಲಿ ಹಣ ಬೇಕಿಲ್ಲ. ಒಪ್ಪಿಕೊಳ್ಳುವ ಮನಸ್ಸು ಬೇಕು. ಹಣ ಕೊಡುವುದಕ್ಕಿಂತ ಒಪ್ಪಿಕೊಳ್ಳುವುದು ನಮ್ಮ ನಾಯಕರಿಗೆ ಕಷ್ಟವಾಗಿದೆ.

ಒಂದು ಉದಾಹರಣೆ ಕೊಡುತ್ತೇನೆ. ಸಲಿಂಗ ವಿವಾಹಕ್ಕೆ ಮಾನ್ಯತೆ ನಿರಾಕರಿಸಿದ 2023ರ ಅಕ್ಟೋಬರ್ 17ರ ತೀರ್ಪಿನ ಬಳಿಕ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. ಅದರ ಫಲವಾಗಿ 2024ರಲ್ಲಿ ಕೇಂದ್ರದ ಇಲಾಖೆಗಳು ಕೆಲವು ಸೂಚನೆಗಳನ್ನು ಹೊರಡಿಸಿದವು: ಪಡಿತರ ಚೀಟಿಯ ಉದ್ದೇಶಕ್ಕೆ ಸಲಿಂಗಿ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು, ಜಂಟಿ ಬ್ಯಾಂಕ್ ಖಾತೆ ತೆರೆಯಲು, ನಾಮನಿರ್ದೇಶನ ಮಾಡಲು ಅಡ್ಡಿಯಿಲ್ಲ, ಹತ್ತಿರದ ಬಂಧುಗಳು ಇಲ್ಲದಿರುವಾಗ ಸಂಗಾತಿಯೇ ಮೃತದೇಹವನ್ನು ಪಡೆಯಬಹುದು. ಇವುಗಳಲ್ಲಿ ಪಡಿತರ ಮತ್ತು ಆರೋಗ್ಯದ ಸೂಚನೆಗಳನ್ನು ಕಾರ್ಯಗತಗೊಳಿಸಬೇಕಾದವು ರಾಜ್ಯ ಸರ್ಕಾರಗಳೇ. ಅನ್ನಭಾಗ್ಯದಿಂದ ಹಿಡಿದು ಅನೇಕ ಸವಲತ್ತುಗಳಿಗೆ ಪಡಿತರ ಚೀಟಿಯೇ ಬುಡವಾಗಿರುವ ನಮ್ಮಲ್ಲಿ, ಒಂದು ತಾಲ್ಲೂಕಿನ ಆಹಾರ ನಿರೀಕ್ಷಕರ ಮುಂದೆ ಇಬ್ಬರು ಹೆಂಗಸರು ನಿಂತು ನಾವು ಒಂದು ಮನೆಯವರು ಎಂದರೆ ಏನಾಗಬಹುದು, ಊಹಿಸಿ. ನಾನು ಕೇಳಿ ನೋಡಿದ ಕಚೇರಿಯಲ್ಲಿ ಅಂತಹ ಸೂಚನೆ ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ತಮ್ಮನಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯವರು ಸಂಬಂಧಿಕರ ಸಹಿಯೇ ಬೇಕು ಎಂದು ಪಟ್ಟು ಹಿಡಿದರು. ಅವನ ಜೊತೆ ವರ್ಷಗಟ್ಟಲೆ ಬಾಳಿದವನು, ಅವನಿಗೆ ಯಾವ ಔಷಧಿ ಆಗುವುದಿಲ್ಲ ಎಂಬುದನ್ನು ಬಲ್ಲವನು ಹೊರಗೆ ನಿಂತಿದ್ದ. ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಬಂದ ನಾನು ಸಹಿ ಹಾಕಿದೆ. ಆ ಸಹಿಗೆ ನನ್ನನ್ನು ಅರ್ಹನನ್ನಾಗಿಸಿದ್ದು ರಕ್ತಸಂಬಂಧ ಒಂದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಯಾವುದೇ ವಯಸ್ಕ ವ್ಯಕ್ತಿಯನ್ನು, ಆತ ಒಪ್ಪಿದರೆ, ತನ್ನ ಪ್ರತಿನಿಧಿಯಾಗಿ ನೇಮಿಸಿಕೊಳ್ಳುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಅದೇ ಅನುಕೂಲವನ್ನು ರಾಜ್ಯದ ಎಲ್ಲ ಆಸ್ಪತ್ರೆಗಳಿಗೂ ಅನ್ವಯಿಸಲು ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕೆಂದು ನನ್ನ ನಂಬಿಕೆ. ಅವಿವಾಹಿತರಿಗೆ, ವಿಧವೆಯರಿಗೆ, ಮಕ್ಕಳು ವಿದೇಶದಲ್ಲಿರುವ ವೃದ್ಧರಿಗೂ ಅದರಿಂದ ಉಪಕಾರವಾಗುತ್ತದೆ.

ಈಗ ವ್ಯಕ್ತಿಯ ಹೊಣೆಯ ಪ್ರಶ್ನೆ. ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಕಹಿಯಾಗಬಹುದು. ಸಲಿಂಗಿಯಾಗಿರುವುದು ಆಯ್ಕೆಯಲ್ಲ, ಆದ್ದರಿಂದ ಅದಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ. ಆದರೆ ತಾನು ಸಲಿಂಗಿ ಎಂದು ತಿಳಿದೂ, ಅದನ್ನು ಮುಚ್ಚಿಟ್ಟು, ಏನೂ ಅರಿಯದ ಹೆಣ್ಣಿಗೆ ತಾಳಿ ಕಟ್ಟುವುದು ಒಂದು ಕೃತ್ಯ, ಮತ್ತು ಕೃತ್ಯಕ್ಕೆ ಹೊಣೆಯಿದೆ. ನಮ್ಮ ಸುತ್ತಲಿನ ಎಷ್ಟೋ ಮನೆಗಳಲ್ಲಿ ಇಂತಹ ಮದುವೆಗಳು ನಡೆದಿವೆ. ತನ್ನಲ್ಲೇ ಏನೋ ಕೊರತೆಯಿದೆ ಎಂದು ನಂಬಿಕೊಂಡು ಆ ಹೆಂಗಸರು ಸವೆಯುತ್ತಾರೆ. ಹೊಣೆಯನ್ನು ತೂಗುವುದಾದರೆ ಆ ಹುಡುಗನ ಪಾಲಿಗಿಂತ, ವಿಷಯ ತಿಳಿದೂ ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಅವನನ್ನು ದೂಡಿದ ಹಿರಿಯರ ಪಾಲು ದೊಡ್ಡದು ಎಂದೇ ನಾನು ಹೇಳುತ್ತೇನೆ. ಅವನು ಅಂಜಿಕೆಯಿಂದ ಸುಳ್ಳಾಡುತ್ತಾನೆ. ಅವರು ಮರ್ಯಾದೆಗಾಗಿ ಬೇರೆಯವರ ಮಗಳ ಬದುಕನ್ನು ಪಣಕ್ಕಿಡುತ್ತಾರೆ.

ನಮ್ಮ ಮನೆಯಲ್ಲಿಯೂ ಆ ಘಳಿಗೆ ಬಂದಿತ್ತು. ಚಿತ್ರದುರ್ಗದ ಕಡೆಯ ಒಂದು ಕುಟುಂಬದ ಸಂಬಂಧ ಕೂಡಿಬಂದು, ಜಾತಕವೂ ಹೊಂದಿ, ಹುಡುಗಿಯ ತಂದೆ ಮದುವೆಯ ಖರ್ಚಿಗೆ ತೋಟ ಅಡವಿಡಲು ಸಿದ್ಧರಾಗಿದ್ದರು. ತಮ್ಮ ನನ್ನೊಬ್ಬನಿಗೆ ವಿಷಯ ಹೇಳಿದ. ಅಪ್ಪ ಅವ್ವನ ಮುಂದೆ ಕುಳಿತು, ಈ ಜಾತಕ ವಾಪಸ್ಸು ಹೋಗಬೇಕು, ಅದಕ್ಕೆ ಕಾರಣ ಇದು ಎಂದು ಹೇಳಿದವನು ನಾನು. ಅವ್ವ ಬಹಳ ದಿನ ಅತ್ತರು. ಅಪ್ಪ ಮಾತು ಬಿಟ್ಟರು, ನಂತರ ಒಂದು ಸಂಜೆ ತಾವೇ ಫೋನ್ ಮಾಡಿ ತಮ್ಮನ ಊಟದ ಬಗ್ಗೆ ವಿಚಾರಿಸಿದರು. ಯಾವ ಕಾಯ್ದೆಯೂ ಆ ದಿನ ನಮ್ಮ ಪಡಸಾಲೆಗೆ ಬಂದು ಆ ಮದುವೆಯನ್ನು ತಡೆಯುತ್ತಿರಲಿಲ್ಲ. ಆ ಕೆಲಸ ಮನೆಯವರದ್ದೇ ಆಗಿತ್ತು.

ಹಾಗೆಯೇ ಮಗನನ್ನು ಸರಿಪಡಿಸಿ ಎಂದು ವೈದ್ಯರ ಬಳಿಗೋ ಮಂತ್ರವಾದಿಯ ಬಳಿಗೋ ಎಳೆದೊಯ್ಯುವವರಿಗೆ ಒಂದು ಮಾತು. ಇಂತಹ ಪರಿವರ್ತನಾ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ವೃತ್ತಿ ದುರ್ನಡತೆ ಎಂದು ಸಾರಿದೆ. ಅಂತಹ ವೈದ್ಯರ ಮೇಲೆ ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು, ಕೊಡಬೇಕು.

ಒಬ್ಬ ವ್ಯಕ್ತಿಯಿಂದ ಏನಾದೀತು ಎನ್ನುವವರಿಗೆ ನಾನು ತರಗತಿಯಲ್ಲಿ ಹೇಳುವ ಹೆಸರು ಕೆ.ಎಸ್. ಪುಟ್ಟಸ್ವಾಮಿಯವರದು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು ಅವರು; ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಅನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಹುಟ್ಟಿದ 2017ರ ಖಾಸಗಿತನದ ತೀರ್ಪಿನಲ್ಲಿ ಲೈಂಗಿಕ ಒಲವು ಖಾಸಗಿತನದ ಅವಿಭಾಜ್ಯ ಭಾಗವೆಂಬ ಮಾತು ದಾಖಲಾಯಿತು, ಮರುವರ್ಷ 377ನೇ ಕಲಮಿನ ತೀರ್ಪಿಗೆ ಅದೇ ಆಧಾರಸ್ತಂಭವಾಯಿತು. 2013ರಲ್ಲಿ ಅದೇ ನ್ಯಾಯಾಲಯ ಈ ಜನರು ದೇಶದ ಜನಸಂಖ್ಯೆಯ ಅತ್ಯಲ್ಪ ಭಾಗವೆಂದು ಹೇಳಿ ಬಾಗಿಲು ಮುಚ್ಚಿತ್ತು. ಸಂಖ್ಯೆ ಕಡಿಮೆ ಎಂಬ ಆ ವಾದವನ್ನು ನ್ಯಾಯಾಲಯ ಕೈಬಿಟ್ಟಿದೆ. ನಮ್ಮ ಪಕ್ಷಗಳು ಇನ್ನೂ ಬಿಟ್ಟಿಲ್ಲ.

ಕೊನೆಯದಾಗಿ ಮತದ ಪ್ರಶ್ನೆ. ಈ ಒಂದೇ ಕಾರಣಕ್ಕೆ ನಾನು ಮತ ಬದಲಿಸುವುದಿಲ್ಲ, ಏಕೆಂದರೆ ಬದಲಿಸಿ ಹಾಕಲು ಬೇರೊಂದು ಪಕ್ಷ ಸಿಕ್ಕಿಲ್ಲ; ನೀರು, ಶಾಲೆ, ಬೆಳೆಯ ಬೆಲೆ ಇವೂ ನನಗೆ ಮುಖ್ಯ. ಆದರೆ ಕೇಳುವುದನ್ನು ಮಾತ್ರ ಬಿಟ್ಟಿಲ್ಲ. 2023ರಲ್ಲಿ ನಮ್ಮ ಬೀದಿಗೆ ಬಂದ ಅಭ್ಯರ್ಥಿಯೊಬ್ಬರನ್ನು ಕೇಳಿದಾಗ, 'ನಮ್ಮ ಕಡೆ ಅಂಥಾದ್ದೆಲ್ಲ ಇಲ್ಲ ಬಿಡ್ರಿ ಮೇಷ್ಟ್ರೇ' ಎಂದರು. ಇದೇ ಊರಲ್ಲಿ ಹುಟ್ಟಿ ಬೆಳೆದ ನನ್ನ ತಮ್ಮನೇ ಇದ್ದಾನೆ ಎಂದೆ. ಅವರು ಒಂದು ಕ್ಷಣ ನಿಂತು, ಅವನು ಈಗ ಚೆನ್ನಾಗಿದ್ದಾನೆಯೇ ಎಂದು ಕೇಳಿದರು. ಆ ಮಾತಿನಲ್ಲಿ ಸೌಜನ್ಯವಿತ್ತು. ಮುಂದಿನ ಸಲ ಯಾರೇ ಬರಲಿ, ಸೌಜನ್ಯದ ಜೊತೆಗೆ ಮೂರು ಕಾಗದಗಳನ್ನು ಕೇಳುತ್ತೇನೆ: ಆಸ್ಪತ್ರೆಗಳಿಗೆ ಆ ಸುತ್ತೋಲೆ, ಪಡಿತರ ಚೀಟಿಯ ಬಗ್ಗೆ ತಾಲ್ಲೂಕು ಮಟ್ಟಕ್ಕೆ ತಲುಪುವ ಆದೇಶ, ಮತ್ತು ಸುಲಿಗೆಯ ದೂರು ಕೊಡುವ ಸಲಿಂಗಿಗಳ ಹೆಸರನ್ನು ಮನೆಯವರಿಗೆ ತಿಳಿಸಕೂಡದೆಂದು ಎಲ್ಲ ಠಾಣೆಗಳಿಗೂ ಹೋಗುವ ನಿರ್ದೇಶನ. ಈ ಮೂರಕ್ಕೂ ವಿಧಾನಸಭೆಯ ಮತದಾನವೂ ಬೇಕಿಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ. ನಿಮ್ಮ ಕ್ಷೇತ್ರದಲ್ಲಿಯೂ ಇದನ್ನು ಕೇಳುವವರಿದ್ದರೆ, ಅಲ್ಲಿನ ಅಭ್ಯರ್ಥಿಗಳು ಏನು ಉತ್ತರ ಕೊಟ್ಟರು ಎಂಬುದನ್ನು ದಯವಿಟ್ಟು ಇಲ್ಲಿ ಬರೆಯಿರಿ.