ರಾತ್ರಿ ಚಳಿಗೆ ವ್ಯಾನಿನಲ್ಲಿ ನೀರು ಗಡ್ಡೆ ಕಟ್ಟದಂತೆ ನೋಡಿಕೊಳ್ಳುವುದು ಹೇಗೆ?

ನೀವು ಬರ್ಮಿಂಗ್‌ಹ್ಯಾಮಿನಲ್ಲಿ ಕಿಟಕಿ ತೊಳೆಯುವ ಕೆಲಸ ಶುರು ಮಾಡಿದ್ದೀರಿ, ಇದು ಮೊದಲ ಚಳಿಗಾಲ. ವ್ಯಾನಿನಲ್ಲಿ 400 ಲೀಟರಿನ ಟ್ಯಾಂಕ್ ಇದೆ, ವ್ಯಾನ್ ನಿಲ್ಲುವುದು ಬೀದಿಯಲ್ಲಿ. ರಾತ್ರಿ ಮೈನಸ್ 4 ಅಂತಿದ್ದಾರೆ, ದಿನಾ ಟ್ಯಾಂಕ್ ಖಾಲಿ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಒಂದೆರಡು ರಾತ್ರಿಯ ಚಳಿಗೆ ಟ್ಯಾಂಕಿಗೆ ಏನೂ ಆಗುವುದಿಲ್ಲ. ನೀವು ಕಾಪಾಡಬೇಕಾದ್ದು ಟ್ಯಾಂಕಿನ ನೀರನ್ನು ಪೈಪಿನಲ್ಲಿ ಬ್ರಷ್ಷಿಗೆ ತಳ್ಳುವ ಪಂಪನ್ನು.

ನಾನು ಲೀಡ್ಸ್ ಹತ್ತಿರ ಇದೇ ಕೆಲಸ ಮಾಡುತ್ತೇನೆ. ಹುಟ್ಟಿದ್ದು ಬಳ್ಳಾರಿ ಕಡೆ. ಬೋರ್‌ವೆಲ್ ಮೋಟರು ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ ಅಂತ ಗೊತ್ತಿತ್ತು. ನೀರೇ ಪಂಪನ್ನು ಒಡೆದುಹಾಕುತ್ತದೆ ಅಂತ ಗೊತ್ತಿರಲಿಲ್ಲ. 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಒಂದು ವಾರಕ್ಕೂ ಜಾಸ್ತಿ ಗಟ್ಟಿ ಚಳಿ ಕೂತಿತ್ತು, ನೆನಪಿರಬಹುದು. ಆಗ ಒಂದು ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಐಸ್, ಕೆಳಗೆಲ್ಲ ನೀರು. ಸಮಾಧಾನವಾಗಿ ಸ್ವಿಚ್ ಹಾಕಿದೆ. ಪಂಪ್ ಗುಂಯ್ ಅಂದಿತು, ನೀರು ಬರಲಿಲ್ಲ. ಮಧ್ಯಾಹ್ನ ಐಸ್ ಕರಗಿದ ಮೇಲೆ ನೀರು ಬಂತು, ಆದರೆ ಪಂಪಿನ ತಲೆ ಸೀಳಿದ ಜಾಗದಿಂದ. ಪಕ್ಕದ ಫಿಲ್ಟರಿನ ಬಟ್ಟಲೂ ಬಿರುಕು ಬಿಟ್ಟಿತ್ತು. ಕ್ರಿಸ್‌ಮಸ್ ಮುಂಚೆ ಎಲ್ಲರಿಗೂ ಕಿಟಕಿ ಹೊಳೆಯಬೇಕು, ಅಲ್ವಾ? ಆ ಹೊತ್ತಿನಲ್ಲಿ ಮೂರು ದಿನದ ಕೆಲಸ ಹೋಯಿತು.

ಯಾಕೆ ಹೀಗೆ ಅಂದರೆ, 400 ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗಬೇಕಾದರೆ ಹತ್ತಿರಹತ್ತಿರ ಅರ್ಧ ಯೂನಿಟ್ ಕರೆಂಟಿನಷ್ಟು ಶಾಖ ಹೊರಗೆ ಹೋಗಬೇಕು. ಸೊನ್ನೆಗೆ ಬಂದ ಮೇಲೂ ಅಷ್ಟೂ ನೀರು ಗಡ್ಡೆಯಾಗಲು ಇನ್ನೂ ಸುಮಾರು 37 ಯೂನಿಟ್ ಹೋಗಬೇಕು. ಅದು ಒಂದು ರಾತ್ರಿಯ ಮಾತಲ್ಲ. ಪಂಪಿನೊಳಗೆ ಇರುವುದು ಒಂದು ಲೋಟಕ್ಕಿಂತ ಕಡಿಮೆ ನೀರು. 6 ಮಿಲಿಮೀಟರ್ ಒಳವ್ಯಾಸದ ಪೈಪ್ ನೂರು ಮೀಟರ್ ಇದ್ದರೂ ಅದರಲ್ಲಿರುವುದು ಮೂರೇ ಲೀಟರ್. ಇವು ಬೇಗ ಗಡ್ಡೆ ಕಟ್ಟುತ್ತವೆ. ನೀರು ಐಸ್ ಆಗುವಾಗ ನೂರಕ್ಕೆ 9ರಷ್ಟು ಉಬ್ಬುತ್ತದೆ. ಪೈಪ್ ಹೇಗೋ ಹಿಗ್ಗಿ ತಡೆದುಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿಗೆ ಹಿಗ್ಗಲು ಬರುವುದಿಲ್ಲ, ಒಡೆಯುತ್ತದೆ.

ಹಾಗಾಗಿ ಸಂಜೆ ಮನೆಗೆ ಬಂದ ಮೇಲೆ ಹತ್ತು ನಿಮಿಷ ಇದಕ್ಕೇ ಇಡಿ. ಟ್ಯಾಂಕನ್ನು ಆಗಲೇ ತುಂಬಿಸಿಬಿಡಿ. ತುಂಬಿದ ಟ್ಯಾಂಕ್ ನಿಧಾನ ತಣ್ಣಗಾಗುತ್ತದೆ. ಆಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ, ಪಂಪಿಗೆ ಬರುವ ಪೈಪನ್ನೂ ಅಲ್ಲಿಂದ ಹೋಗುವ ಪೈಪನ್ನೂ ಬಿಚ್ಚಿ, ಪಂಪನ್ನು ಅರ್ಧ ನಿಮಿಷ ಓಡಿಸಿ. ಒಳಗಿನ ನೀರು ಹೊರಗೆ ಬೀಳುತ್ತದೆ. ನಮ್ಮ ಕೆಲಸದ ಪಂಪ್ ಸಾಮಾನ್ಯವಾಗಿ ಡಯಾಫ್ರಾಮ್ ಜಾತಿಯದು, ಅಂದರೆ ಒಳಗಿನ ರಬ್ಬರ್ ಪರದೆ ಹಿಂದೆಮುಂದೆ ಆಡಿ ನೀರು ತಳ್ಳುವಂಥದ್ದು, ಬೋರ್‌ವೆಲ್ ಮೋಟರಿನ ಹಾಗಲ್ಲ, ಸ್ವಲ್ಪ ಹೊತ್ತು ಒಣಗಿ ಓಡಿದರೂ ಕೆಡುವುದಿಲ್ಲ. ಫಿಲ್ಟರಿನ ಬಟ್ಟಲು ಬಿಚ್ಚಿ ಚೆಲ್ಲಿ. ಪೈಪಿನ ಸಾಲಿನಲ್ಲಿರುವ ಬೇರೆ ಬಾಲ್ ವಾಲ್ವ್‌ಗಳನ್ನು ಪೂರ್ತಿ ಮುಚ್ಚಿಯೂ ಇಡಬೇಡಿ, ಪೂರ್ತಿ ತೆರೆದೂ ಇಡಬೇಡಿ. ಅರ್ಧಕ್ಕೆ ತಿರುಗಿಸಿಡಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮುಚ್ಚಿದ ವಾಲ್ವಿನ ಗುಂಡಿನೊಳಗೆ ನಾಲ್ಕು ಹನಿ ನೀರು ಸಿಕ್ಕಿಕೊಂಡಿರುತ್ತದೆ, ವಾಲ್ವ್ ಸೀಳಲು ಅಷ್ಟೇ ಸಾಕು.

ಬೀದಿಯಲ್ಲಿ ನಿಲ್ಲುವ ವ್ಯಾನಿಗೆ ಕರೆಂಟ್ ಎಳೆಯಲು ಆಗುವುದಿಲ್ಲ. ಹಾಗಿರುವಾಗ ನಾನು ಹೇಳುವುದು ಒಂದೇ. ಪಂಪನ್ನು ಬಿಚ್ಚಿ ಮನೆಯೊಳಗೆ ತನ್ನಿ. ಪೈಪಿಗೆ ಕೈಯಲ್ಲೇ ಬಿಚ್ಚುವ ಕನೆಕ್ಟರ್, ವೈರಿಗೆ ಒಂದು ಪ್ಲಗ್ ಹಾಕಿಸಿಕೊಂಡರೆ ಎರಡು ನಿಮಿಷದ ಕೆಲಸ. ಪೈಪಿನ ರೀಲ್ ಎತ್ತುವಂತಿದ್ದರೆ ಅದೂ ಒಳಗೆ ಬರಲಿ. ಚಳಿ ಒಂದು ವಾರ ಬಿಡದೆ ಹಿಡಿದರೆ ಟ್ಯಾಂಕೂ ನಿಧಾನ ಸೋಲುತ್ತದೆ. ಆಗ 20 ಲೀಟರ್ ಕ್ಯಾನಿನಲ್ಲಿ ಬಿಸಿ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಟ್ಯಾಂಕಿನ ವಾಲ್ವ್ ಪಕ್ಕ ಇಟ್ಟು, ಮೇಲೆ ಹಳೆಯ ಕಂಬಳಿ ಹೊದಿಸಿ. 60 ಡಿಗ್ರಿಯ ನೀರು ಬೆಳಗಾಗುವಷ್ಟರಲ್ಲಿ 5ಕ್ಕೆ ಇಳಿದರೆ ಒಂದೂಕಾಲು ಯೂನಿಟ್ ಶಾಖ ಬಿಟ್ಟುಕೊಟ್ಟಿರುತ್ತದೆ. ಕಡಿಮೆಯಲ್ಲ ಅದು.

ಮುಂದೆ ಮನೆ ಬಾಗಿಲಲ್ಲೇ ನಿಲ್ಲಿಸುವ ಜಾಗ ಸಿಕ್ಕಿದರೆ ಥರ್ಮೋಸ್ಟಾಟ್ ಇರುವ 500 ವಾಟಿನ, ಎಣ್ಣೆ ತುಂಬಿದ ಕರೆಂಟ್ ಹೀಟರ್ ಸಾಕು. ಎಲ್ಲಕ್ಕಿಂತ ಕಡಿಮೆ ಶಾಖಕ್ಕೆ ಇಡಿ. ಒಳಗೆ 5 ಡಿಗ್ರಿ ಇದ್ದರೆ ಆಯಿತು. ಹೊರಗೆ ಬಳಸುವ ಕೇಬಲ್ಲೇ ಇರಲಿ, ಆರ್‌ಸಿಡಿ (ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್) ಇರುವ ಪ್ಲಗ್‌ನಿಂದ ಎಳೆಯಿರಿ. ಕೇಬಲ್ ರೀಲನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದಂತೆಯೇ ಬಿಟ್ಟರೆ ಬಿಸಿಯಾಗಿ ಕರಗುತ್ತದೆ. ಹೀಟರ್ ಹತ್ತಿರ ಬಟ್ಟೆ ಇರಬಾರದು.

ಗ್ಯಾಸ್ ಹೀಟರ್, ಕ್ಯಾಂಪಿಂಗ್ ಸ್ಟೌ, ಇದ್ದಿಲು, ಮೇಣದಬತ್ತಿ ಯಾವುದನ್ನೂ ಮುಚ್ಚಿದ ವ್ಯಾನಿನೊಳಗೆ ಉರಿಸಬೇಡಿ. ದಯವಿಟ್ಟು. ಬೆಂಕಿ ಬೀಳುವ ಭಯ ಒಂದು ಕಡೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಟ್ಯಾಂಕಿಗೆ ಆಂಟಿಫ್ರೀಜ್ ಸುರಿಯೋಣ ಅನ್ನುವವರೂ ಸಿಗುತ್ತಾರೆ. ನಾವು ಇಷ್ಟು ಕಷ್ಟಪಟ್ಟು ಶುದ್ಧ ನೀರು ಮಾಡಿಕೊಳ್ಳುವುದೇ ಗಾಜಿನ ಮೇಲೆ ಒಂದು ಕಲೆಯೂ ಉಳಿಯಬಾರದು ಅಂತ. ಅದಕ್ಕಿಂತ ಹೆಚ್ಚಾಗಿ, ಆ ನೀರು ಗಿರಾಕಿಯ ಅಂಗಳಕ್ಕೆ ಇಳಿಯುತ್ತದೆ. ಆಂಟಿಫ್ರೀಜಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಬೆಕ್ಕು ನಾಯಿಗಳಿಗೆ ವಿಷ.

ನೀರು ಶುದ್ಧ ಮಾಡುವ ಆರ್‌ಒ ಫಿಲ್ಟರ್ ವ್ಯಾನಿನಲ್ಲೇ ಇದ್ದರೆ ಪಂಪಿಗಿಂತ ಮೊದಲು ಅದನ್ನೇ ಒಳಗೆ ತನ್ನಿ. ಅದರೊಳಗಿನ ಸೋಸುವ ಪದರ, ಅಂದರೆ ಮೆಂಬ್ರೇನ್, ಒಮ್ಮೆ ಗಡ್ಡೆ ಕಟ್ಟಿದರೆ ಮುಗಿಯಿತು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದಾಗಲೇ ನಿಜ ಗೊತ್ತಾಗುವುದು. ಒಣಗಲೂ ಬಿಡಬೇಡಿ, ಒದ್ದೆಯಾಗಿಯೇ ಬೆಚ್ಚಗಿನ ಮೂಲೆಯಲ್ಲಿರಲಿ.

ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ ನೀರು ಬರಲಿಲ್ಲ ಅಂದರೆ ಪಂಪನ್ನು ಒತ್ತಾಯದಿಂದ ಓಡಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕನೆಕ್ಟರುಗಳಿಗೆ ಸುತ್ತಿ ಕಾಯಿರಿ. ಹೇಗೂ ಗಾಜು ಸೊನ್ನೆಗಿಂತ ಕೆಳಗಿದ್ದಾಗ ತೊಳೆಯಲು ಹೋದರೆ ನೀರು ಅದರ ಮೇಲೆಯೇ ಅಂಟುತ್ತದೆ. ಬೇಗ ಆಗಲಿ ಅಂತ ಕುದಿಯುವ ನೀರು ಹಾಕಿದರೆ ಗಾಜು ಸಿಡಿಯಬಹುದು. ಬಿಸಿಲು ಬೀಳುವ ಕಡೆಯ ಮನೆಗಳನ್ನು ಮೊದಲು ಇಟ್ಟುಕೊಳ್ಳಿ, ಹತ್ತು ಗಂಟೆಗೆ ಶುರು ಮಾಡಿ.

ವ್ಯಾನಿನಲ್ಲಿ ಒಂದು ಚೀಲ ಕಲ್ಲುಪ್ಪೂ ಇರಲಿ. ನಮ್ಮ ಬ್ರಷ್ಷಿನಿಂದ ಇಳಿದ ನೀರು ಮೆಟ್ಟಿಲ ಮೇಲೆ ಅರ್ಧ ಗಂಟೆಯಲ್ಲಿ ಗಾಜಿನಂತೆ ಗಟ್ಟಿಯಾಗಿಬಿಡುತ್ತದೆ. ನನ್ನ ಗಿರಾಕಿಗಳಲ್ಲಿ ಒಂಟಿಯಾಗಿರುವ ವಯಸ್ಸಾದವರೇ ಜಾಸ್ತಿ. ಅವರು ಹಾಲಿನ ಬಾಟಲಿ ತೆಗೆದುಕೊಳ್ಳಲು ಬಾಗಿಲು ತೆರೆಯುವ ಜಾಗಕ್ಕೆ ಎರಡು ಹಿಡಿ ಉಪ್ಪು ಎರಚಿ, ನೀರು ಬಿದ್ದಿದೆ ಅಂತ ಬಾಗಿಲು ತಟ್ಟಿ ಹೇಳಿಯೇ ಅಲ್ಲಿಂದ ಹೊರಡುತ್ತೇನೆ.